ಆ ಹೆಚ್ಚಿನ ಅಶ್ವಶಕ್ತಿ ಯಾವ ಆರ್‌ಪಿಎಂನಲ್ಲಿ ಬೇಕು?

ಟರ್ಬೊ ಕಾರು ಇರುವವರು ಟ್ಯೂನಿಂಗ್ ವಿಷಯ ಎತ್ತಿದರೆ ಮೊದಲು ಕೇಳುವುದು ಎಷ್ಟು ಹೆಚ್‌ಪಿ (ಅಶ್ವಶಕ್ತಿ) ಏರುತ್ತದೆ ಎಂದು. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಗೆಳೆಯರೊಬ್ಬರ ಗ್ಯಾರೇಜ್ ಇದೆ. ರಜೆಯ ದಿನಗಳಲ್ಲಿ ಅಲ್ಲಿ ಕುಳಿತು ಎಂಜಿನ್‌ಗಳ ಲಾಗ್, ಅಂದರೆ ಓಡುವಾಗ ದಾಖಲಾದ ಅಂಕಿಗಳನ್ನು, ಓದುವುದು ನನಗೆ ಅಂಟಿಕೊಂಡಿರುವ ಹವ್ಯಾಸ. ಈ ಪ್ರಶ್ನೆ ಅಲ್ಲಿ ಆಗಾಗ ಕಿವಿಗೆ ಬೀಳುತ್ತದೆ. ಉತ್ತರವೇನೋ ಸುಲಭ. ಯಾವ ಬಿಡಿಭಾಗವನ್ನೂ ಬದಲಿಸದೆ ಎಂಜಿನ್ ನಡೆಸುವ ಕಂಪ್ಯೂಟರಾದ ಇಸಿಯುವಿನ ತಂತ್ರಾಂಶವನ್ನಷ್ಟೇ ತಿದ್ದುವ, ಟ್ಯೂನರ್‌ಗಳು ಸ್ಟೇಜ್ 1 ಎಂದು ಕರೆಯುವ ಕೆಲಸದಲ್ಲಿ ಸಾಮಾನ್ಯವಾಗಿ ಶೇ 15ರಿಂದ 25ರಷ್ಟು ಏರುತ್ತದೆ. ಆದರೆ ನಾನು ಅವರನ್ನು ತಿರುಗಿ ಕೇಳುವುದು ಬೇರೆ: ಆ ಶಕ್ತಿ ಯಾವ ಆರ್‌ಪಿಎಂನಲ್ಲಿ, ಅಂದರೆ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುವಾಗ, ಬೇಕು? ಎಂಜಿನ್ ವರ್ಷಗಟ್ಟಲೆ ಬಾಳುತ್ತದೋ ಒಂದೇ ಬೇಸಿಗೆಗೆ ಬಿಚ್ಚಬೇಕಾಗುತ್ತದೋ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಈ ಮರುಪ್ರಶ್ನೆಯ ಉತ್ತರ.

ಟರ್ಬೊ ಹೊಸ ಉಪಾಯವೇನಲ್ಲ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಚಿ ಅದಕ್ಕೆ ಪೇಟೆಂಟ್ ಪಡೆದದ್ದು 1905ರಲ್ಲಿ. ಮಂಡ್ಯ ಜಿಲ್ಲೆಯ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯತೊಡಗಿ ಆಗ ಮೂರು ವರ್ಷವಾಗಿತ್ತು. ಶಿವನಸಮುದ್ರದಲ್ಲಿ ಧುಮುಕುವ ಕಾವೇರಿ ಟರ್ಬೈನನ್ನು ತಿರುಗಿಸುವಂತೆಯೇ, ಎಂಜಿನ್‌ನಿಂದ ಹೊರಟ ಬಿಸಿ ಅನಿಲ ಸೈಲೆನ್ಸರ್ ಸೇರುವ ಮೊದಲು ಒಂದು ಪುಟ್ಟ ಟರ್ಬೈನನ್ನು ತಿರುಗಿಸುತ್ತದೆ. ಅದೇ ದಂಡದ ಇನ್ನೊಂದು ತುದಿಯಲ್ಲಿರುವ ಕಂಪ್ರೆಸರ್ ಹೊರಗಿನ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುತ್ತದೆ. ಚಿಕ್ಕ ಕಾರುಗಳ ಟರ್ಬೊ ನಿಮಿಷಕ್ಕೆ 2 ಲಕ್ಷ ಸುತ್ತು ದಾಟುವುದೂ ಉಂಟು. ಎಂಜಿನ್‌ಗೆ ಪೆಟ್ರೋಲನ್ನು ಎಷ್ಟು ಬೇಕಾದರೂ ಸುರಿಯಬಹುದು, ಗಾಳಿ ದೊರಕಿಸುವುದೇ ಕಷ್ಟ. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು 14.7 ಕಿಲೋ ಗಾಳಿ ಬೇಕು. ಹೆಚ್ಚು ಶಕ್ತಿ ಬೇಕೆಂದರೆ ಹೆಚ್ಚು ಗಾಳಿ ಒಳಗೆ ಹೋಗಬೇಕು, ಬೇರೆ ದಾರಿಯಿಲ್ಲ.

1962ರಲ್ಲಿ ಅಮೆರಿಕದಲ್ಲಿ ಟರ್ಬೊ ಹೊತ್ತು ಮಾರಾಟಕ್ಕೆ ಬಂದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಕಾರಿನಲ್ಲಿ, ಎಂಜಿನ್ ಕುಟ್ಟದಿರಲೆಂದು (ಇದನ್ನೇ ನಾಕಿಂಗ್ ಎನ್ನುವುದು) ನೀರು ಮತ್ತು ಮೆಥನಾಲ್ ಬೆರೆಸಿದ ದ್ರವವನ್ನು ಬೇರೊಂದು ಟ್ಯಾಂಕಿನಿಂದ ಸಿಂಪಡಿಸುವ ಏರ್ಪಾಡು ಇತ್ತು. ದ್ರವ ಮುಗಿದರೆ ಬೂಸ್ಟ್, ಅಂದರೆ ಟರ್ಬೊ ಹೆಚ್ಚಿಸುವ ಗಾಳಿಯ ಒತ್ತಡ, ತಾನಾಗಿಯೇ ತಗ್ಗುತ್ತಿತ್ತು. ಅಂದಿನ ತೊಂದರೆಯೇ ಇಂದಿಗೂ ಟ್ಯೂನರನ ಮುಂದಿರುವುದು. ಗಾಳಿಯನ್ನು ಒತ್ತಿದರೆ ಅದು ಬಿಸಿಯಾಗುತ್ತದೆ, ಬಿಸಿ ಗಾಳಿಯಲ್ಲಿ ಪೆಟ್ರೋಲ್ ಕಿಡಿಯ ಬೆಂಕಿ ಬಂದು ಮುಟ್ಟುವವರೆಗೆ ಕಾಯದೆ ತನಗೆ ತೋಚಿದ ಹೊತ್ತಿಗೆ ಹೊತ್ತಿಕೊಳ್ಳುತ್ತದೆ.

ಈಗ ಲೆಕ್ಕಕ್ಕೆ ಬರೋಣ. ಮೆಟ್ರಿಕ್ ಅಶ್ವಶಕ್ತಿ ಎಂದರೆ 75 ಕಿಲೋ ಭಾರವನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರ್ ಎತ್ತುವ ಸಾಮರ್ಥ್ಯ, ಸುಮಾರು 735 ವ್ಯಾಟ್. ಎಂಜಿನ್‌ನ ಟಾರ್ಕನ್ನು, ಅಂದರೆ ತಿರುಚುವ ಬಲವನ್ನು, ನ್ಯೂಟನ್ ಮೀಟರಿನಲ್ಲಿ ತೆಗೆದುಕೊಂಡು, ಆರ್‌ಪಿಎಂನಿಂದ ಗುಣಿಸಿ, 7024ರಿಂದ ಭಾಗಿಸಿದರೆ ಅಶ್ವಶಕ್ತಿ ಸಿಗುತ್ತದೆ. ನಮ್ಮ ಗ್ಯಾರೇಜಿಗೆ ಪಾಂಡವಪುರದ ಹುಡುಗನೊಬ್ಬ ತಂದಿದ್ದ ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐಯನ್ನೇ ಉದಾಹರಣೆಗೆ ನೋಡಿ. 2013ರಲ್ಲಿ ಭಾರತಕ್ಕೆ ಬಂದ ಆ ಕಾರಿನ 1.2 ಲೀಟರ್ ಎಂಜಿನ್ 1500ರಿಂದ 4100 ಆರ್‌ಪಿಎಂವರೆಗೆ 175 ನ್ಯೂಟನ್ ಮೀಟರ್ ಕೊಡುತ್ತದೆ, 5000ದಲ್ಲಿ 105 ಅಶ್ವಶಕ್ತಿ. ಮೊದಲ ಸಂಖ್ಯೆಯಲ್ಲೇ ಒಂದು ಗುಟ್ಟಿದೆ. ಯಾವ ಟರ್ಬೊ ಎಂಜಿನ್ನೂ ತನ್ನಷ್ಟಕ್ಕೆ 2600 ಆರ್‌ಪಿಎಂ ಉದ್ದಕ್ಕೆ ಗೆರೆ ಎಳೆದಂತೆ ಒಂದೇ ಟಾರ್ಕ್ ಕೊಡುವುದಿಲ್ಲ. ಆ ಸಮತಟ್ಟನ್ನು ಎಳೆದದ್ದು ತಂತ್ರಾಂಶ. ಅಲ್ಲಿ ತಯಾರಕರು ತಡೆದಿಟ್ಟ ಟಾರ್ಕ್ ಇದೆ, ಮತ್ತು ಟ್ಯೂನರನ ಕೈ ಮೊದಲು ಹೋಗುವುದು ಅಲ್ಲಿಗೇ.

ಹಳೆಯ ಟರ್ಬೊ ಕಾರುಗಳಲ್ಲಿ ಬೂಸ್ಟ್ ಹೆಚ್ಚಿಸಲು ಹೆಚ್ಚುವರಿ ಬಿಸಿ ಅನಿಲವನ್ನು ಟರ್ಬೈನಿಗೆ ಹೋಗದಂತೆ ಪಕ್ಕಕ್ಕೆ ಬಿಡುವ ವೇಸ್ಟ್‌ಗೇಟ್ ಎಂಬ ಕದದ ಸರಳನ್ನು ಬಿಗಿಗೊಳಿಸಿದರೆ ಸಾಕಿತ್ತು. ಇಂದಿನ ಇಸಿಯು ನೀವು ಆಕ್ಸಿಲರೇಟರ್ ಒತ್ತಿದ್ದನ್ನು ಟಾರ್ಕಿನ ಬೇಡಿಕೆಯಾಗಿ ಓದುತ್ತದೆ. ಇಷ್ಟು ಟಾರ್ಕಿಗೆ ಇಷ್ಟು ಗಾಳಿ, ಇಷ್ಟು ಗಾಳಿಗೆ ಇಷ್ಟು ಬೂಸ್ಟ್, ಇಷ್ಟು ಪೆಟ್ರೋಲ್, ಕಿಡಿ ಇಷ್ಟು ಡಿಗ್ರಿ ಮುಂಚೆ, ಗೇರ್‌ಬಾಕ್ಸ್ ತಾಳುವುದು ಇಷ್ಟು ಎಂದು ಹತ್ತಾರು ಕೋಷ್ಟಕಗಳು ಒಂದರ ಮೇಲೊಂದು ಕಣ್ಣಿಟ್ಟಿರುತ್ತವೆ. ರೀಮ್ಯಾಪ್ ಎಂದರೆ ಆ ಕೋಷ್ಟಕಗಳ ಅಂಕಿಗಳನ್ನು ತಿದ್ದುವುದು. ಸ್ಟೀರಿಂಗ್ ಕೆಳಗಿನ ಓಬಿಡಿ ಪೋರ್ಟಿಗೆ ಕೇಬಲ್ ಚುಚ್ಚಿ ಹೊಸ ಫೈಲ್ ಬರೆಯುವುದು ಕೆಲವು ನಿಮಿಷಗಳ ಕೆಲಸ. ಯಾವ ಅಂಕಿಯನ್ನು ಎಲ್ಲಿ ಎಷ್ಟು ತಿದ್ದಬೇಕು ಎಂಬುದೇ ನಿಜವಾದ ವಿದ್ಯೆ.

ಜನರಿಗೆ ಇಷ್ಟವಾಗುವುದು ಕೆಳಗಿನ ಆರ್‌ಪಿಎಂನ ಎಳೆತ. ನಮ್ಮ ಕಡೆ ಅದನ್ನೇ ಪಿಕಪ್ ಎನ್ನುತ್ತಾರೆ. 2000 ಆರ್‌ಪಿಎಂನಲ್ಲಿ ಆಕ್ಸಿಲರೇಟರ್ ತುಳಿದ ಕೂಡಲೇ ಬೆನ್ನು ಸೀಟಿಗೆ ಒತ್ತಿಕೊಂಡರೆ ಕೊಟ್ಟ ದುಡ್ಡು ಸಾರ್ಥಕ ಎಂದು ಮಾಲೀಕರಿಗೆ ಅನಿಸುತ್ತದೆ. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ ಸಿದ್ಧ ಫೈಲುಗಳು ಅಲ್ಲೇ 230 ನ್ಯೂಟನ್ ಮೀಟರಿನಷ್ಟು ಕೇಳುತ್ತವೆ, ಏಕೆಂದರೆ ಮೊದಲ ಸುತ್ತಿನಲ್ಲೇ ಗ್ರಾಹಕರನ್ನು ಒಲಿಸುವುದು ಆ ಎಳೆತ. ಲೆಕ್ಕ ಹಾಕಿ ನೋಡಿ: 2000 ಆರ್‌ಪಿಎಂನಲ್ಲಿ 230 ನ್ಯೂಟನ್ ಮೀಟರ್ ಎಂದರೆ ಕೇವಲ 65 ಅಶ್ವಶಕ್ತಿ. ಆದರೆ ಪಿಸ್ಟನ್ ಮೇಲಿನ ಸರಾಸರಿ ಒತ್ತಡ ಮೂಲ ಎಂಜಿನ್‌ನ ಗರಿಷ್ಠಕ್ಕಿಂತ ಶೇ 31 ಹೆಚ್ಚು. ಪಿಸ್ಟನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಹೊರುವುದು ಅಶ್ವಶಕ್ತಿಯನ್ನಲ್ಲ, ಈ ಒತ್ತಡವನ್ನು.

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಸಿಲಿಂಡರಿಗೆ ನೇರವಾಗಿ ಪೆಟ್ರೋಲ್ ಸಿಂಪಡಿಸುವ ಚಿಕ್ಕ ಟರ್ಬೊ ಎಂಜಿನ್‌ಗಳಲ್ಲಿ, ಕಡಿಮೆ ಆರ್‌ಪಿಎಂನಲ್ಲಿ ಭಾರಿ ಬೂಸ್ಟ್ ಇರುವಾಗ, ಎಂಜಿನ್ ಆಯಿಲ್‌ನ ಒಂದು ಹನಿಯೋ ಇಂಗಾಲದ ಒಂದು ಕಣವೋ ಕಿಡಿ ಬರುವ ಮೊದಲೇ ಬೆಂಕಿ ಹೊತ್ತಿಸಬಹುದು. ಎಂಜಿನಿಯರ್‌ಗಳು ಇದನ್ನು ಎಲ್‌ಎಸ್‌ಪಿಐ (ಲೋ ಸ್ಪೀಡ್ ಪ್ರಿ-ಇಗ್ನಿಷನ್) ಎನ್ನುತ್ತಾರೆ. ಮಾಮೂಲಿ ನಾಕಿಂಗ್ ಆದರೆ ಸೆನ್ಸರ್ ಕೇಳಿಸಿಕೊಳ್ಳುತ್ತದೆ, ಇಸಿಯು ಕಿಡಿಯನ್ನು ಹಿಂದಕ್ಕೆ ಸರಿಸುತ್ತದೆ, ಎಂಜಿನ್ ಉಳಿಯುತ್ತದೆ. ಇಲ್ಲಿ ಕಿಡಿಗೂ ಬೆಂಕಿಗೂ ಸಂಬಂಧವೇ ಇಲ್ಲದ ಕಾರಣ ಆ ಉಪಾಯ ನಡೆಯುವುದಿಲ್ಲ. ಕೆಟ್ಟ ಗಳಿಗೆಯಲ್ಲಿ ಒಂದೇ ಏಟಿಗೆ ಪಿಸ್ಟನ್‌ನ ರಿಂಗ್ ಕೂರುವ ಅಂಚು ಮುರಿಯುತ್ತದೆ. ಈ ತೊಂದರೆಗೆಂದೇ 2018ರಲ್ಲಿ ಎಪಿಐ ಎಸ್‌ಎನ್ ಪ್ಲಸ್, 2020ರಲ್ಲಿ ಎಪಿಐ ಎಸ್‌ಪಿ ಎಂಬ ಆಯಿಲ್ ದರ್ಜೆಗಳು ಬಂದವು. ಆಯಿಲ್‌ನಲ್ಲಿನ ಕ್ಯಾಲ್ಸಿಯಂ ಅಂಶ ಈ ಅಕಾಲ ಬೆಂಕಿಯನ್ನು ಹೆಚ್ಚಿಸುತ್ತದೆ ಎಂಬುದು ಗೊತ್ತಾದ ಮೇಲೆ ತಯಾರಕರು ಅದನ್ನು ತಗ್ಗಿಸಿ ಮೆಗ್ನೀಸಿಯಂ ಬಳಸತೊಡಗಿದರು. ಟ್ಯೂನ್ ಮಾಡಿಸುವ ಮೊದಲು ಆಯಿಲ್ ಡಬ್ಬಿಯ ಹಿಂಬದಿಯ ಈ ಎರಡಕ್ಷರ ಓದಿ ಎಂದು ಎಷ್ಟು ಹೇಳಿದರೂ ನನಗೆ ಸಾಲದು.

ಚಾಮುಂಡಿ ಬೆಟ್ಟದ ರಸ್ತೆ ಈ ಅಪಾಯಕ್ಕೆ ಹೇಳಿ ಮಾಡಿಸಿದ ಜಾಗ. ಕಾರಿನ ತುಂಬಾ ಜನ, ಎಸಿ ಚಾಲೂ, ಏರು. ಗೇರ್ ಇಳಿಸಲು ಮನಸ್ಸು ಬಾರದೆ ನಾಲ್ಕನೆಯ ಗೇರಿನಲ್ಲೇ 1600 ಆರ್‌ಪಿಎಂನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತುತ್ತಾರೆ. ಟ್ಯೂನ್ ಆದ ಎಂಜಿನ್ ಅಲ್ಲೂ ಎಳೆಯುತ್ತದೆ, ನಿಜ. ಎಳೆಯುತ್ತದೆ ಎಂಬುದೇ ಗೇರ್ ಇಳಿಸುವ ಅಭ್ಯಾಸವನ್ನು ತಪ್ಪಿಸುತ್ತದೆ.

ಹಾಗಾಗಿ ನಾನು ಹೇಳುವುದು ಇಷ್ಟು: ಕೆಳಗಿನ ಟಾರ್ಕನ್ನು ಇದ್ದಂತೆಯೇ ಬಿಡಿ, 4000 ದಾಟಿದ ಮೇಲೆ ಟಾರ್ಕ್ ಬೀಳುವುದನ್ನು ತಡೆಯಿರಿ. ಆ ಪೋಲೊದಲ್ಲಿ 5000ಕ್ಕೆ ಬರುವ ಹೊತ್ತಿಗೆ ಟಾರ್ಕ್ ಸುಮಾರು 147ಕ್ಕೆ ಇಳಿದಿರುತ್ತದೆ. ಅದನ್ನು 160ರಲ್ಲಿ ನಿಲ್ಲಿಸಿದರೆ ಸುಮಾರು 114 ಅಶ್ವಶಕ್ತಿ. ಪೂರ್ತಿ 175ರಲ್ಲೇ ನಿಲ್ಲಿಸಲು ಸಾಧ್ಯವಾದರೆ ಸುಮಾರು 125. ಎರಡರಲ್ಲೂ ಕನೆಕ್ಟಿಂಗ್ ರಾಡ್ ಮೇಲಿನ ಸರಾಸರಿ ಒತ್ತಡ ಕಾರ್ಖಾನೆಯವರು ಮೊದಲೇ ಒಪ್ಪಿದ ಮಿತಿಯನ್ನು ದಾಟುವುದಿಲ್ಲ. ಕ್ಲಚ್ ಕೂಡ ಅಷ್ಟೇ. ಆ ಕಾರಿನ ಡಿಎಸ್‌ಜಿ ಎಂಬ ಏಳು ಗೇರಿನ ಸ್ವಯಂಚಾಲಿತ ಗೇರ್‌ಬಾಕ್ಸಿನ ಒಣ ಕ್ಲಚ್ಚಿಗೆ ತಯಾರಕರು ಹೇಳಿರುವ ಮಿತಿ 250 ನ್ಯೂಟನ್ ಮೀಟರ್; ಕೆಳಗಿನಿಂದಲೇ 230 ಕೇಳುವ ಫೈಲ್ ಅದಕ್ಕೆ ಉಸಿರಾಡಲು ಜಾಗವನ್ನೇ ಬಿಡುವುದಿಲ್ಲ.

ಮೇಲಿನ ಆರ್‌ಪಿಎಂನ ಶಕ್ತಿಗೂ ಬೆಲೆ ಇದೆ. ಟರ್ಬೊ ಹೆಚ್ಚು ವೇಗವಾಗಿ ತಿರುಗಬೇಕು, ಚಿಕ್ಕ ಕಂಪ್ರೆಸರಿನ ದಕ್ಷತೆ ಅಲ್ಲಿ ಕುಸಿಯುತ್ತದೆ, ಹೊಗೆಯ ಉಷ್ಣತೆ ಏರುತ್ತದೆ. ಪೆಟ್ರೋಲ್ ಟರ್ಬೊದ ಬಾಯಲ್ಲಿ 950 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ಆದರೆ ಈ ಬೆಲೆಗಳೆಲ್ಲ ಅಳೆಯಲು ಬರುವಂಥವು. ಉಷ್ಣತೆ ಮುನ್ಸೂಚನೆ ಕೊಟ್ಟು ಏರುತ್ತದೆ, ಕಣ್ಣಿಟ್ಟವರಿಗೆ ಕಾಣುತ್ತದೆ. ಅಕಾಲ ಬೆಂಕಿ ಮುನ್ಸೂಚನೆ ಕೊಡುವುದಿಲ್ಲ. ಎರಡರಲ್ಲಿ ಒಂದನ್ನು ಆರಿಸಬೇಕಾದಾಗ ನಾನು ಅಳೆಯಬಹುದಾದ ಅಪಾಯದ ಪಕ್ಷ.

ಮೈಸೂರಿನ ಹಳೆಯ ಮೆಕ್ಯಾನಿಕ್‌ಗಳಿಗೆ ಈ ಮಾತು ಬೇಗ ಅರ್ಥವಾಗುತ್ತದೆ. 1961ರಿಂದ 1996ರವರೆಗೆ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ ಇಲ್ಲಿನ ಸಾವಿರಾರು ಕೈಗಳಿಗೆ ಟೂ ಸ್ಟ್ರೋಕ್ ಎಂಜಿನ್ ಕಲಿಸಿತು. ಯೆಜ್ಡಿಯ ಹೊಗೆಕಂಡಿಯನ್ನು ಅರದಿಂದ ಉಜ್ಜಿ ಮೇಲಕ್ಕೆ ಎತ್ತರಿಸಿದರೆ ಮೇಲಿನ ಓಟ ಹೆಚ್ಚುತ್ತಿತ್ತು, ಕೆಳಗಿನ ಎಳೆತ ಹೋಗುತ್ತಿತ್ತು. ಏನು ಪಡೆದೆವು, ಏನು ಕೊಟ್ಟೆವು ಎಂಬುದು ಗ್ಯಾರೇಜಿನಿಂದ ಹೊರಬಿದ್ದ ಮೊದಲ ಸುತ್ತಿನಲ್ಲೇ ಗೊತ್ತಾಗುತ್ತಿತ್ತು. ಟರ್ಬೊ ಎಂಜಿನ್‌ನಲ್ಲಿ ಪಡೆದದ್ದು ಮಾತ್ರ ತಕ್ಷಣ ಕಾಣುತ್ತದೆ. ಕೊಟ್ಟದ್ದು ಕಾಣಲು ತಿಂಗಳುಗಳು ಬೇಕು. ಗೆಳೆಯರ ಗ್ಯಾರೇಜಿನ ಹಿರಿಯ ಮೆಕ್ಯಾನಿಕ್ ಪಾಂಡವಪುರದ ಹುಡುಗನಿಗೆ ಹೇಳಿದ್ದೂ ಅದೇ: "ನೋಡಪ್ಪ, ನಾವು ಅರ ಹಿಡಿದಾಗ ಎಷ್ಟು ಲೋಹ ಹೋಯಿತು ಎಂದು ಬೆರಳಿಗೆ ತಿಳಿಯುತ್ತಿತ್ತು. ಈ ಲ್ಯಾಪ್‌ಟಾಪಿನಲ್ಲಿ ಅದು ತಿಳಿಯುವುದಿಲ್ಲ, ಆದ್ದರಿಂದ ಇವರು ಲಾಗ್ ನೋಡದೆ ಬಿಡುವುದಿಲ್ಲ."

ತಯಾರಕರು ಬಳಸದೆ ತಡೆದಿಟ್ಟ ಆ ಟಾರ್ಕಿನ ಉಳಿಕೆಯನ್ನು ಜಿಪುಣತನ ಎಂದುಕೊಳ್ಳುವವರು ಅನೇಕರು. ಅದು ಯಾರಿಗಾಗಿ ಬಿಟ್ಟದ್ದು ಎಂಬುದನ್ನು ನೋಡಬೇಕು. 30 ಡಿಗ್ರಿಯ ಗಾಳಿಯನ್ನು ಎರಡು ಪಟ್ಟು ಒತ್ತಡಕ್ಕೆ ಏರಿಸಿದರೆ, ಕಂಪ್ರೆಸರ್ ದಕ್ಷತೆ ಶೇ 70 ಎಂದಿಟ್ಟುಕೊಂಡರೂ, ಗಾಳಿ ಸುಮಾರು 125 ಡಿಗ್ರಿಗೆ ಕಾಯುತ್ತದೆ. ಇಂಟರ್‌ಕೂಲರ್ ಅದನ್ನು ತಣಿಸಬೇಕು. ಏಪ್ರಿಲ್ ಮಧ್ಯಾಹ್ನ ಮಂಡ್ಯದ ಸಿಗ್ನಲ್ಲುಗಳಲ್ಲಿ ನಿಂತು ಕಾದ ಕಾರಿನಲ್ಲಿ ಇಂಟರ್‌ಕೂಲರೇ ಬಿಸಿಯಾಗಿರುತ್ತದೆ. ಅದರ ಮೇಲೆ ಧೂಳು ಕಟ್ಟಿದ ಏರ್ ಫಿಲ್ಟರ್, ಹಳ್ಳಿಯ ಬಂಕಿನಲ್ಲಿ ಹಾಕಿಸಿದ ಪೆಟ್ರೋಲ್, ಕಾಲಕ್ಕೆ ಬದಲಿಸದ ಸ್ಪಾರ್ಕ್ ಪ್ಲಗ್. ಇವೆಲ್ಲ ಒಟ್ಟಿಗೆ ಬಂದ ದಿನವೂ ಎಂಜಿನ್ ಬದುಕಬೇಕೆಂದು ಬಿಟ್ಟ ಜಾಗ ಅದು. ಫಿಲ್ಟರ್, ಪ್ಲಗ್, ಆಯಿಲ್, ಇಂಟರ್‌ಕೂಲರಿನ ಪೈಪ್‌ಗಳನ್ನು ಮಾಲೀಕರು ಶ್ರದ್ಧೆಯಿಂದ ನೋಡಿಕೊಂಡರೆ ಆ ಜಾಗದಲ್ಲಿ ಒಂದು ಪಾಲನ್ನು ನಾವು ತೆಗೆದುಕೊಳ್ಳಬಹುದು. ನೋಡಿಕೊಳ್ಳದವರ ಕಾರಿಗೆ ನಾನು ಫೈಲ್ ಮುಟ್ಟುವುದಕ್ಕೆ ಒಪ್ಪುವುದಿಲ್ಲ.

ಊರಿನ ಎತ್ತರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಮೇಲಿದೆ. ಇಲ್ಲಿನ ಗಾಳಿಯ ಒತ್ತಡ ಸುಮಾರು 92 ಕಿಲೋಪ್ಯಾಸ್ಕಲ್, ಸಮುದ್ರಮಟ್ಟದಲ್ಲಿ 101. ಎಂಜಿನ್‌ಗೆ 200 ಕಿಲೋಪ್ಯಾಸ್ಕಲ್ ಬೇಕೆಂದು ಫೈಲ್ ಹೇಳಿದರೆ ಸಮುದ್ರತೀರದಲ್ಲಿ ಟರ್ಬೊ ಗಾಳಿಯನ್ನು ಎರಡು ಪಟ್ಟಿಗಿಂತ ತುಸು ಕಡಿಮೆ ಒತ್ತಿದರೆ ಸಾಕು. ಮೈಸೂರಿನಲ್ಲಿ 2.2 ಪಟ್ಟು ಒತ್ತಬೇಕು. ಬಂಡೀಪುರ ದಾಟಿ 2240 ಮೀಟರ್ ಎತ್ತರದ ಊಟಿಗೆ ಹೋದರೆ 2.6 ಪಟ್ಟು. ಮೈಸೂರಿನವರು ಎರಡು ದಿನ ರಜೆ ಸಿಕ್ಕರೆ ಊಟಿಗೆ ಹೊರಡುವವರು. ಸಮುದ್ರಮಟ್ಟದ ಊರಿನಲ್ಲಿ ಬರೆದ ಫೈಲ್, ಎತ್ತರಕ್ಕೆ ತಕ್ಕಂತೆ ಬೂಸ್ಟ್ ತಗ್ಗಿಸುವ ಕೋಷ್ಟಕವನ್ನು ಸಡಿಲಿಸಿದ್ದರೆ, ಘಾಟಿಯಲ್ಲಿ ಟರ್ಬೊ ತನ್ನ ಮಿತಿಗೂ ಮೀರಿ ತಿರುಗುತ್ತದೆ. ಆ ಕೋಷ್ಟಕವನ್ನು ಮಾತ್ರ ಮೂಲದಲ್ಲಿದ್ದಂತೆಯೇ ಉಳಿಸಿಕೊಳ್ಳಬೇಕು, ಇದರಲ್ಲಿ ನನಗೆ ರಾಜಿ ಇಲ್ಲ.

ಇದೇ ಎತ್ತರ, ಕಾರಿನ ಶಕ್ತಿ ಅಳೆಯುವ ಡೈನೋ ಯಂತ್ರದ ಹಾಳೆಯಲ್ಲೂ ಕಣ್ಣಿಗೆ ಮಣ್ಣೆರಚುತ್ತದೆ. ಬೆಂಗಳೂರಿನಲ್ಲಿ ಡೈನೋ ಇರುವ ಗ್ಯಾರೇಜುಗಳಿವೆ, ನಾವೂ ಅಲ್ಲಿಗೇ ಹೋಗುತ್ತೇವೆ. ಅಳತೆಯನ್ನು ಸಮುದ್ರಮಟ್ಟದ ಹವೆಗೆ ಸರಿಹೊಂದಿಸಿ ತೋರಿಸುವ ಸೂತ್ರಗಳು ಆ ಯಂತ್ರಗಳಲ್ಲಿರುತ್ತವೆ. ಟರ್ಬೊ ಇಲ್ಲದ ಎಂಜಿನ್‌ಗೆ ಅದು ನ್ಯಾಯ. ಟರ್ಬೊ ಎಂಜಿನ್ ಗಾಳಿಯ ಕೊರತೆಯನ್ನು ಹೆಚ್ಚುವರಿ ಬೂಸ್ಟಿನಿಂದ ತಾನೇ ತುಂಬಿಕೊಂಡಿರುತ್ತದೆ. ಅದರ ಮೇಲೆ ಇನ್ನೊಮ್ಮೆ ಸೂತ್ರ ಹೇರಿದರೆ, ಒಂದು ಅಂಕಿಯನ್ನೂ ತಿದ್ದದ ಕಾರು ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಶೇ 10ರಷ್ಟು ಹೆಚ್ಚು ತೋರಿಸಬಹುದು. ಆದ್ದರಿಂದ ಹಾಳೆಯ ಮೇಲಿನ ಗರಿಷ್ಠ ಸಂಖ್ಯೆಯನ್ನು ನಂಬಬೇಡಿ. ಅದೇ ಯಂತ್ರದಲ್ಲಿ, ಅದೇ ದಿನ, ಸೂತ್ರವಿಲ್ಲದೆ, ಮೊದಲು ಮತ್ತು ನಂತರ ಎರಡನ್ನೂ ಅಳೆಸಿ. ಪೂರ್ತಿ ಭಾರದ ಪರೀಕ್ಷೆಗೆ ಡೈನೋ ಬಿಟ್ಟರೆ ಬೇರೆ ಜಾಗವಿಲ್ಲ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ವೇಗಮಿತಿ ಗಂಟೆಗೆ 100 ಕಿಲೋಮೀಟರ್. ಅದು ಜನ ಮನೆಗೆ ಹೋಗುವ ರಸ್ತೆ, ಪರೀಕ್ಷಾ ಪಥವಲ್ಲ.

ಲಾಗ್‌ನಲ್ಲಿ ನಾನು ಮೊದಲು ನೋಡುವುದು ಬೂಸ್ಟನ್ನಲ್ಲ, ನಾಕಿಂಗ್ ಕಂಡು ಇಸಿಯು ಪ್ರತಿ ಸಿಲಿಂಡರಿನಲ್ಲಿ ಕಿಡಿಯನ್ನು ಎಷ್ಟು ಡಿಗ್ರಿ ಹಿಂದಕ್ಕೆ ಎಳೆದಿದೆ ಎಂಬುದನ್ನು. ಒಂದೆರಡು ಡಿಗ್ರಿ ಬಂದು ಹೋದರೆ ಚಿಂತೆಯಿಲ್ಲ. ಐದಾರು ಡಿಗ್ರಿ ನಿಂತೇಬಿಟ್ಟರೆ ನೀವು ತುಂಬಿದ ಹೆಚ್ಚುವರಿ ಗಾಳಿ ಶಕ್ತಿಯಾಗುತ್ತಿಲ್ಲ, ಬರೀ ಉಷ್ಣವಾಗಿ ಟರ್ಬೊದ ಕಡೆ ಹರಿಯುತ್ತಿದೆ ಎಂದರ್ಥ. ಅಂಥ ಕಡೆ ಬೂಸ್ಟ್ ಇಳಿಸಿದರೆ ಕಿಡಿ ತನ್ನ ಜಾಗಕ್ಕೆ ಮರಳಿ, ಕಾರು ಇನ್ನೂ ಚುರುಕಾಗುವುದನ್ನು ನೋಡುವ ಸಂತೋಷವೇ ಬೇರೆ. ಆಮೇಲೆ ಒಳಹೋಗುವ ಗಾಳಿಯ ಉಷ್ಣತೆ, ಆಮೇಲೆ ಗಾಳಿ ಮತ್ತು ಪೆಟ್ರೋಲ್‌ನ ಪ್ರಮಾಣ. ಪೂರ್ತಿ ಭಾರದಲ್ಲಿ ತುಸು ಹೆಚ್ಚು ಪೆಟ್ರೋಲ್ ಸುರಿದು ಹೊಗೆಯನ್ನು ತಣ್ಣಗಿಡುವುದು ಹಳೆಯ ಕ್ರಮ. ಮೈಲೇಜ್ ಆಸೆಗೆ ಅದನ್ನು ಕತ್ತರಿಸಿದ ಫೈಲುಗಳನ್ನು ಕಂಡಿದ್ದೇನೆ. ಟರ್ಬೈನ್ ಬ್ಲೇಡುಗಳ ಆಯುಷ್ಯವನ್ನು ಕತ್ತರಿಸಿದಂತೆ ಅದು.

ಡೀಸೆಲ್ ಗಾಡಿಗಳ ಕತೆ ಬೇರೆ. ಕಬ್ಬು ಸಾಗಿಸುವ ಟ್ರ್ಯಾಕ್ಟರುಗಳಿಗೆ ಡೀಸೆಲ್ ಪಂಪಿನ ಸೀಲ್ ಒಡೆದು ಎಣ್ಣೆ ಹೆಚ್ಚಿಸುವುದನ್ನು ಮಂಡ್ಯದ ಸೀಮೆಯವರು ನೋಡಿಯೇ ಇರುತ್ತಾರೆ. ಗಾಳಿ ಹೆಚ್ಚಿಸದೆ ಡೀಸೆಲ್ ಮಾತ್ರ ಹೆಚ್ಚಿಸಿದ್ದರ ಫಲ ಹಿಂದೆ ಬರುವವರ ಮುಖಕ್ಕೆ ಕರಿ ಹೊಗೆಯಾಗಿ ಬಡಿಯುತ್ತದೆ. ಅದನ್ನು ಟ್ಯೂನಿಂಗ್ ಎನ್ನಲು ನನಗೆ ಮನಸ್ಸಿಲ್ಲ.

ಕಬ್ಬಿನ ಮಾತು ಬಂದಿದ್ದರಿಂದ ಎಥನಾಲ್ ಬಗ್ಗೆ ಹೇಳಲೇಬೇಕು. ಬಂಕುಗಳಲ್ಲಿ ಈಗ ಶೇ 20 ಎಥನಾಲ್ ಬೆರೆತ ಪೆಟ್ರೋಲ್ ಸಿಗುತ್ತಿದೆ. ಹಳೆಯ ಕಾರಿನವರಿಗೆ ಅದರ ಬಗ್ಗೆ ಆತಂಕವಿದೆ. ರಬ್ಬರ್ ಪೈಪ್, ಸೀಲುಗಳ ಬಗೆಗಿನ ಆತಂಕ ಸಕಾರಣವಾದದ್ದೇ. ಆದರೆ ಟರ್ಬೊ ಎಂಜಿನ್‌ನ ದೃಷ್ಟಿಯಿಂದ ಎಥನಾಲ್‌ಗೆ ದೊಡ್ಡ ಗುಣವೊಂದಿದೆ. ಅದು ಬೇಗ ಕುಟ್ಟುವುದಿಲ್ಲ, ಆವಿಯಾಗುವಾಗ ಪೆಟ್ರೋಲ್‌ಗಿಂತ ಎರಡು ಪಟ್ಟಿಗೂ ಹೆಚ್ಚು ಉಷ್ಣವನ್ನು ಹೀರಿ ಸಿಲಿಂಡರನ್ನು ತಣಿಸುತ್ತದೆ. ಜೆಟ್‌ಫೈರ್ ಕಾರಿನವರು ಬೇರೆ ಟ್ಯಾಂಕಿನಿಂದ ಮಾಡಿದ ಕೆಲಸವನ್ನು ಇದು ಇಂಧನದ ಜೊತೆಗೇ ಮಾಡುತ್ತದೆ. ಇನ್ನೊಂದೆಡೆ, ಎಥನಾಲ್‌ನಲ್ಲಿರುವ ಶಕ್ತಿ ಪೆಟ್ರೋಲ್‌ಗಿಂತ ಸುಮಾರು ಮೂರನೆಯ ಒಂದು ಪಾಲು ಕಡಿಮೆ. ಒಂದು ಕಿಲೋ ಉರಿಯಲು ಅದಕ್ಕೆ 9 ಕಿಲೋ ಗಾಳಿ ಸಾಕು, ಅಂದರೆ ಅಷ್ಟೇ ಗಾಳಿಗೆ ಹೆಚ್ಚು ಇಂಧನ ಹೋಗಬೇಕು. ಮೈಲೇಜ್ ಇಳಿಯುತ್ತದೆ, ಪಂಪ್ ಮತ್ತು ಇಂಜೆಕ್ಟರುಗಳಿಗೆ ಕೆಲಸ ಹೆಚ್ಚುತ್ತದೆ. ಶುದ್ಧ ಪೆಟ್ರೋಲ್‌ಗೆ ಬರೆದ ಹಳೆಯ ಫೈಲನ್ನು ಈ ಮಿಶ್ರಣದ ಮೇಲೆ ಮತ್ತೆ ಅಳೆಯದೆ ಓಡಿಸುವುದು ಸರಿಯಲ್ಲ.

ಕಾನೂನಿನ ವಿಷಯವನ್ನು ಕೆಲಸಕ್ಕೆ ಮೊದಲೇ ಹೇಳಬೇಕು. ನೋಂದಣಿ ಪತ್ರದ ವಿವರಗಳು ತಯಾರಕರು ಮೂಲದಲ್ಲಿ ಕೊಟ್ಟ ವಿವರಗಳಿಗೆ ಹೊಂದದಂತೆ ವಾಹನವನ್ನು ಬದಲಿಸಬಾರದು ಎಂದು ಮೋಟಾರು ವಾಹನ ಕಾಯ್ದೆಯ 52ನೆಯ ಸೆಕ್ಷನ್ ಹೇಳುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ವಿಮಾ ಕಂಪನಿಗೆ ತಿಳಿಸದ ಮಾರ್ಪಾಡು ಅಪಘಾತದ ನಂತರ ಪರಿಹಾರಕ್ಕೆ ಅಡ್ಡ ಬರಬಹುದು. ವಾರಂಟಿ ಇರುವ ಕಾರಿನಲ್ಲಿ ವಾರಂಟಿಯ ಆಸೆ ಬಿಡಬೇಕು. ಇಷ್ಟನ್ನು ಗ್ರಾಹಕರ ಎದುರು ಕುಳಿತು ಹೇಳದ ಟ್ಯೂನರನ ಬಳಿ ಕಾರು ಬಿಡಬೇಡಿ.

ಪಾಂಡವಪುರದ ಹುಡುಗನಿಗೂ ಹೇಳಿದೆವು. "ಪಿಕಪ್ ಹೆಚ್ಚಾಗದಿದ್ದರೆ ಏನು ಪ್ರಯೋಜನ ಸರ್?" ಎಂದು ಕೇಳಿದ. ಅವನಿಗೆ ನಿಜವಾಗಿ ಶಕ್ತಿ ಬೇಕಾಗಿದ್ದುದು ಎರಡೇ ಪಥದ ರಸ್ತೆಗಳಲ್ಲಿ ಕಬ್ಬಿನ ಟ್ರೇಲರುಗಳನ್ನು ಹಿಂದಿಕ್ಕುವಾಗ. ಆಗ ಎದುರು ಪಥದಲ್ಲಿರುವ ಸೆಕೆಂಡುಗಳು ಎಷ್ಟು ಕಡಿಮೆಯಾದರೆ ಅಷ್ಟು ಕ್ಷೇಮ. ಗೇರ್ ಇಳಿಸಿ ಎಂಜಿನ್ 4000ದಿಂದ 5500ರ ನಡುವೆ ಓಡುವ ಗಳಿಗೆ ಅದು. ಅಂದರೆ ಅವನಿಗೆ ಬೇಕಾದದ್ದು ಮೇಲಿನ ಶಕ್ತಿಯೇ. ಇಷ್ಟು ಬಿಡಿಸಿ ಹೇಳಿದ ಮೇಲೆ ಒಪ್ಪಿದ. ಮೊದಲು ಪ್ಲಗ್, ಫಿಲ್ಟರ್, ಆಯಿಲ್ ಬದಲಾಯಿತು, ಇಂಟರ್‌ಕೂಲರ್ ಪೈಪಿನ ಒಂದು ಸಡಿಲ ಕ್ಲಿಪ್ ಸಿಕ್ಕಿತು. ಮೂಲ ಫೈಲನ್ನು ಪೆನ್‌ಡ್ರೈವಿನಲ್ಲಿ ಅವನ ಕೈಗೇ ಕೊಟ್ಟೆವು. 4000 ಆರ್‌ಪಿಎಂವರೆಗೆ ಒಂದು ಅಂಕಿಯನ್ನೂ ಮುಟ್ಟದೆ, ಅಲ್ಲಿಂದ ಮೇಲೆ ಟಾರ್ಕ್ ಬೀಳುವ ಇಳಿಜಾರನ್ನು ಮಾತ್ರ ಸ್ವಲ್ಪ ಎತ್ತಿದೆವು. ಚಳಿಗಾಲದ ಲಾಗ್‌ನಲ್ಲಿ ಯಾವ ಸಿಲಿಂಡರಿನಲ್ಲೂ ಕಿಡಿ ಹಿಂದೆ ಸರಿದು ನಿಲ್ಲಲಿಲ್ಲ. ಏಪ್ರಿಲ್‌ನಲ್ಲಿ, ಬಿಸಿಲು ಏರಿದ ಮೇಲೆ, ಅದೇ ಕಾರನ್ನು ಮತ್ತೆ ಡೈನೋ ಮೇಲೆ ನಿಲ್ಲಿಸುತ್ತೇವೆ. ಒಳಗಾಳಿಯ ಉಷ್ಣತೆ ಏರಿ ಕಿಡಿ ಎಲ್ಲಾದರೂ ಎರಡು ಡಿಗ್ರಿಗಿಂತ ಹೆಚ್ಚು ಹಿಂದೆ ಹೋದರೆ ಆ ಕಡೆ ಬೂಸ್ಟ್ ಇಳಿಸುವುದೆಂದು ಅವನಿಗೆ ಈಗಲೇ ತಿಳಿಸಿದ್ದೇವೆ.